ಭೂತಾನ್ ಫುಟ್‌ಬಾಲ್ ತಂಡದ ದಾಖಲೆಯನ್ನು ಹೇಗೆ ಓದಬೇಕು?

ಗೌತಮಪುರದ ಹುಡುಗಿ

ಎಲ್ಲರಿಗೂ ನಮಸ್ಕಾರ. 2023ರ ಜೂನ್‌ನಲ್ಲಿ ದಕ್ಷಿಣ ಏಷ್ಯಾದ ಫುಟ್‌ಬಾಲ್ ಟೂರ್ನಿ ಸ್ಯಾಫ್ ಚಾಂಪಿಯನ್‌ಶಿಪ್ ನಮ್ಮ ಕಂಠೀರವ ಸ್ಟೇಡಿಯಂನಲ್ಲೇ ನಡೆಯಿತು. ಭೂತಾನ್–ಬಾಂಗ್ಲಾದೇಶ ಪಂದ್ಯಕ್ಕೆ ನಾನು ಹೋಗಿದ್ದೆ. ಮೊದಲ ಗೋಲು ಹೊಡೆದದ್ದು ಭೂತಾನ್. ಆಮೇಲೆ ಅರ್ಧ ಸಮಯ ಆಗುವುದರೊಳಗೆ ಬಾಂಗ್ಲಾದೇಶ 3 ಹೊಡೆದು, ಪಂದ್ಯ 3-1ಕ್ಕೆ ಮುಗಿಯಿತು. ಆ ಟೂರ್ನಿಯಲ್ಲಿ ಮಾಲ್ಡೀವ್ಸ್ ವಿರುದ್ಧ 0-2, ಲೆಬನಾನ್ ವಿರುದ್ಧ 1-4. ಮೂರೂ ಸೋಲು. ಆದರೂ ಆ ಹುಡುಗರು ಓಡಿದ ರೀತಿ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಅವತ್ತಿಂದ ಆ ತಂಡದ ಹಳೆಯ ಫಲಿತಾಂಶಗಳನ್ನು ಹುಡುಕಿ ಬರೆದಿಟ್ಟುಕೊಳ್ಳುತ್ತಾ ಇದ್ದೇನೆ.

ಸಮಸ್ಯೆ ಏನಂದರೆ, ಪಟ್ಟಿ ನೋಡಿದರೆ ತಲೆಬುಡ ಅರ್ಥ ಆಗುವುದಿಲ್ಲ. ಕುವೈತ್ ವಿರುದ್ಧ 0-20. ಕತಾರ್ ವಿರುದ್ಧ 0-15. ಚೀನಾ ವಿರುದ್ಧ 0-12. ಅದರ ಮಧ್ಯೆ ಇದ್ದಕ್ಕಿದ್ದ ಹಾಗೆ ಹಾಂಗ್‌ಕಾಂಗ್ ಮೇಲೆ 2-0 ಗೆಲುವು, ಬಾಂಗ್ಲಾದೇಶದ ಮೇಲೆ 3-1 ಗೆಲುವು. ಈ ತಂಡ ಬೆಳೆದಿದೆಯಾ, ಇಲ್ವಾ? ನಮ್ಮ ಏರಿಯಾದಲ್ಲಿ ಯಾರನ್ನು ಕೇಳಿದರೂ "ಅದೇ 20 ಗೋಲು ತಿಂದ ಟೀಮ್ ಅಲ್ವಾ" ಅಂತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಆದರೆ ಯಾಕೆ ಸರಿಯಲ್ಲ ಅಂತ ಹೇಳಲು ನನ್ನ ಹತ್ತಿರ ಮಾತಿಲ್ಲ. ತಿಳಿದವರು ಹೇಳಿ.

ಹಳೇ ಲೈನ್ಸ್‌ಮನ್

ತಂಗಿ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾನು ಬೆಂಗಳೂರಿನ ಲೀಗ್ ಪಂದ್ಯಗಳಲ್ಲಿ ಬಹಳ ವರ್ಷ ಬಾವುಟ ಹಿಡಿದು ಗೆರೆಯ ಪಕ್ಕ ಓಡಿದವನು. ದಕ್ಷಿಣ ಏಷ್ಯಾದ ಸಣ್ಣ ತಂಡಗಳ ಲೆಕ್ಕ ಇಡುವುದು ನನಗೆ ತುಂಬಾ ಇಷ್ಟದ ಕೆಲಸ. ಅದರಲ್ಲೂ ಭೂತಾನ್.

ಮೊದಲು ಒಂದು ಕೆಲಸ ಮಾಡಿ. ನಿಮ್ಮ ಪಟ್ಟಿಯಲ್ಲಿ ಸ್ಕೋರ್ ಪಕ್ಕದಲ್ಲಿ ಇನ್ನೂ ಎರಡು ಕಾಲಂ ಹಾಕಿ. ಪಂದ್ಯ ಎಲ್ಲಿ ನಡೆಯಿತು, ಮತ್ತು ಅದಕ್ಕೂ ಹಿಂದಿನ ಪಂದ್ಯ ಆಗಿ ಎಷ್ಟು ತಿಂಗಳಾಗಿತ್ತು. ಇದಿಲ್ಲದೆ ಭೂತಾನಿನ ದಾಖಲೆ ಓದಲು ಆಗುವುದೇ ಇಲ್ಲ.

2018ರ ವಿಶ್ವಕಪ್ ಅರ್ಹತೆಯ ಎರಡನೇ ಸುತ್ತನ್ನೇ ತೆಗೆದುಕೊಳ್ಳಿ. ಭೂತಾನ್ ಇದ್ದ ಗುಂಪಿನಲ್ಲಿ ಚೀನಾ, ಕತಾರ್, ಹಾಂಗ್‌ಕಾಂಗ್, ಮಾಲ್ಡೀವ್ಸ್. 8 ಪಂದ್ಯ, 8 ಸೋಲು. ಹೊಡೆದದ್ದು 5 ಗೋಲು, ಬಿಟ್ಟದ್ದು 52. ಇಷ್ಟು ನೋಡಿ ಎಲ್ಲರೂ ಪುಟ ತಿರುಗಿಸುತ್ತಾರೆ. ಈಗ ಅದನ್ನೇ ಎರಡು ಭಾಗ ಮಾಡಿ. ಹೊರಗೆ ಆಡಿದ 4 ಪಂದ್ಯಗಳಲ್ಲಿ ಬಿಟ್ಟ ಗೋಲು 38. ತಮ್ಮ ರಾಜಧಾನಿ ಥಿಂಫುವಿನಲ್ಲಿ ಆಡಿದ 4 ಪಂದ್ಯಗಳಲ್ಲಿ 14. 2015ರಲ್ಲಿ ಹಾಂಗ್‌ಕಾಂಗ್‌ಗೆ ಹೋಗಿ 0-7ರಿಂದ ಸೋತ ತಂಡ, ಅದೇ ವರ್ಷ ತನ್ನ ಊರಿನಲ್ಲಿ ಅದೇ ಹಾಂಗ್‌ಕಾಂಗ್ ವಿರುದ್ಧ 0-1ರಿಂದ ಸೋತಿತು. ಆ ಒಂದು ಗೋಲು ಬಿದ್ದದ್ದೂ ಪಂದ್ಯದ ಕೊನೆಯಲ್ಲಿ. ಕತಾರ್‌ನಲ್ಲಿ 0-15, ಥಿಂಫುವಿನಲ್ಲಿ 0-3. ಮಾಲ್ಡೀವ್ಸ್ ವಿರುದ್ಧ ಥಿಂಫುವಿನಲ್ಲಿ 3-4. ಆಡಿದ್ದು ಒಂದೇ ತಂಡ. ಎರಡು ಬೇರೆ ಬೇರೆ ತಂಡಗಳ ಫಲಿತಾಂಶದ ಹಾಗೆ ಕಾಣುತ್ತದೆ ಅಲ್ವಾ?

ಇನ್ನು ಆ 20 ಗೋಲು. ಅದು 2000ದ ಫೆಬ್ರವರಿ, ಏಷ್ಯನ್ ಕಪ್ ಅರ್ಹತಾ ಪಂದ್ಯ, ಕುವೈತ್ ಸಿಟಿಯಲ್ಲಿ. ಭೂತಾನಿಗೆ ಫಿಫಾ ಸದಸ್ಯತ್ವ ಸಿಕ್ಕಿದ್ದೇ ಆ ವರ್ಷ. ಟೀವಿ ಆ ದೇಶಕ್ಕೆ ಬಂದದ್ದು 1999ರಲ್ಲಿ. ದೊಡ್ಡ ತಂಡಗಳು ಹೇಗೆ ಆಡುತ್ತವೆ ಅಂತ ಮನೆಯಲ್ಲಿ ಕೂತು ನೋಡುವ ಅವಕಾಶವೂ ಆ ಆಟಗಾರರಿಗೆ ಆಗಷ್ಟೇ ಬಂದಿತ್ತು. ಕುವೈತ್ ಆಗ ಏಷ್ಯಾದ ಬಲವಾದ ತಂಡಗಳಲ್ಲಿ ಒಂದು, 1982ರಲ್ಲೇ ವಿಶ್ವಕಪ್ ಆಡಿದ ದೇಶ. ಆ 20-0 ವಿಶ್ವದಾಖಲೆಯಾಗಿ ಉಳಿದದ್ದು ಒಂದು ವರ್ಷ ಚಿಲ್ಲರೆ ಮಾತ್ರ. 2001ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾ ಮೊದಲು ಟೊಂಗಾ ಮೇಲೆ 22, ಎರಡೇ ದಿನದ ನಂತರ ಅಮೆರಿಕನ್ ಸಮೋವಾ ಮೇಲೆ 31 ಹೊಡೆಯಿತು. ದಾಖಲೆ ಹೋಯಿತು, ಆದರೆ ಭೂತಾನಿಗೆ ಅಂಟಿದ ಹೆಸರು ಹೋಗಲಿಲ್ಲ. ನನಗೆ ಇದು ನಿಜವಾಗಲೂ ಬೇಜಾರಿನ ವಿಷಯ.

ಈಗ 2015ಕ್ಕೆ ಬನ್ನಿ. ಫಿಫಾ ಪಟ್ಟಿಯಲ್ಲಿ ಭೂತಾನ್ ಕಟ್ಟಕಡೆಯದು, 209ನೇ ಸ್ಥಾನ. ಕಾರಣ ಬರೀ ಸೋಲು ಅಲ್ಲ. 2013ರ ಸೆಪ್ಟೆಂಬರ್‌ನಲ್ಲಿ ಕಠ್ಮಂಡುವಿನಲ್ಲಿ ಸ್ಯಾಫ್ ಮುಗಿದ ಮೇಲೆ, ಸುಮಾರು ಒಂದೂವರೆ ವರ್ಷ ಆ ತಂಡಕ್ಕೆ ಆಡಲು ಪಂದ್ಯವೇ ಇರಲಿಲ್ಲ. ಆಗಿನ ರ‍್ಯಾಂಕಿಂಗ್ ಲೆಕ್ಕದಲ್ಲಿ ಗೆದ್ದರೆ 3, ಡ್ರಾ ಆದರೆ 1, ಸೋತರೆ ಸೊನ್ನೆ. 0-1ರಿಂದ ಸೋತರೂ ಸೊನ್ನೆ, 0-15ರಿಂದ ಸೋತರೂ ಸೊನ್ನೆ. ನಾಲ್ಕು ವರ್ಷ ಹಳೆಯದಾದ ಫಲಿತಾಂಶ ಲೆಕ್ಕದಿಂದ ಬಿದ್ದುಹೋಗುತ್ತಿತ್ತು. ಆಡದೆ ಕೂತವನು ಕೆಳಗೆ ಇಳಿಯುತ್ತಲೇ ಇರಬೇಕು.

ಆ ಸ್ಥಿತಿಯಲ್ಲಿ ಮೊಟ್ಟಮೊದಲ ಸಲ ವಿಶ್ವಕಪ್ ಅರ್ಹತಾ ಪಂದ್ಯ ಆಡಲು ಇಳಿದರು. ಅದಕ್ಕೂ ಹಿಂದೆ 2010ರ ವಿಶ್ವಕಪ್‌ಗೆ ಹೆಸರು ಕೊಟ್ಟು, ಅದೇ ಕುವೈತ್ ಎದುರು ಬಂದಾಗ ಆಡದೆ ಹಿಂದೆ ಸರಿದಿದ್ದರು. ಈ ಸಲ ಮೊದಲ ಸುತ್ತಿನಲ್ಲಿ ಎದುರಾಳಿ ಶ್ರೀಲಂಕಾ. ಮಾರ್ಚ್ 12, ಕೊಲಂಬೊ. 84ನೇ ನಿಮಿಷದಲ್ಲಿ ತ್ಸೆರಿಂಗ್ ದೋರ್ಜಿ ಗೋಲು, 1-0. ಐದು ದಿನದ ನಂತರ ಥಿಂಫುವಿನಲ್ಲಿ 2-1. ಎರಡೂ ಗೋಲು ಚೆಂಚೊ ಗೆಲ್ಟ್‌ಶೆನ್ ಹೊಡೆದದ್ದು, ಆಗ ಅವನಿಗೆ 18 ವರ್ಷ. ಸೌಹಾರ್ದ ಪಂದ್ಯಕ್ಕಿಂತ ವಿಶ್ವಕಪ್ ಅರ್ಹತಾ ಪಂದ್ಯದ ಗೆಲುವಿಗೆ ಎರಡೂವರೆ ಪಟ್ಟು ತೂಕ ಇತ್ತು. ಹಾಗಾಗಿ ಎರಡೇ ಗೆಲುವಿನಲ್ಲಿ 209ರಿಂದ 163ಕ್ಕೆ ಹಾರಿದರು. ತಂಡ ಒಂದು ತಿಂಗಳಿನಲ್ಲಿ 46 ಸ್ಥಾನದಷ್ಟು ಚೆನ್ನಾಗಿ ಆಡಲು ಕಲಿಯಿತು ಅಂತಲ್ಲ. ಅವರು ಇದ್ದದ್ದೇ ಆ ಮಟ್ಟದಲ್ಲಿ, ತೋರಿಸಲು ಪಂದ್ಯ ಸಿಕ್ಕಿರಲಿಲ್ಲ ಅಷ್ಟೇ.

ಆ ಚೆಂಚೊನೇ ಮುಂದೆ ನಮ್ಮ ಬೆಂಗಳೂರು ಎಫ್‌ಸಿಗೆ ಬಂದದ್ದು. ಮಿನರ್ವಾ ಪಂಜಾಬ್ ಪರ ಆಡಿ ಭಾರತದ ಕ್ಲಬ್ ಟೂರ್ನಿ ಐ-ಲೀಗ್ ಗೆದ್ದು, 2018ರಲ್ಲಿ ಇಲ್ಲಿಗೆ ಬಂದ. ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಆಡಿದ ಮೊದಲ ಭೂತಾನಿ ಅವನು. ಎಡಗಡೆಯಿಂದ ಚೆಂಡು ಎಳೆದುಕೊಂಡು ಒಳಗೆ ನುಗ್ಗುವ ಆ ಓಟ ಕಂಠೀರವದಲ್ಲಿ ನೋಡಿದವರಿಗೆ ಗೊತ್ತು.

ತಾಲಾದಲ್ಲಿದ್ದೆ

ನಾನು ಫುಟ್‌ಬಾಲ್ ಲೆಕ್ಕದವನಲ್ಲ, ಸಿವಿಲ್ ಎಂಜಿನಿಯರ್. ಭೂತಾನಿನ ತಾಲಾ ಜಲವಿದ್ಯುತ್ ಯೋಜನೆಯಲ್ಲಿ ಕೆಲಸ ಮಾಡುತ್ತಿದ್ದೆ. 2002ರ ಜೂನ್ 30, ಭಾನುವಾರ, ಗೆಳೆಯರ ಜೊತೆ ಥಿಂಫುವಿಗೆ ಹೋಗಿದ್ದೆ. ಅವತ್ತು ಚಾಂಗ್ಲಿಮಿಥಾಂಗ್ ಸ್ಟೇಡಿಯಂನಲ್ಲಿ ಭೂತಾನ್ ಮತ್ತು ಮಾಂಟ್ಸೆರಾಟ್ ಪಂದ್ಯ. ಆಗಿನ ಫಿಫಾ ಪಟ್ಟಿಯ ಕೊನೆಯ ಎರಡು ತಂಡಗಳು, 202 ಮತ್ತು 203. ಅದೇ ದಿನ ಜಪಾನಿನ ಯೊಕೊಹಾಮಾದಲ್ಲಿ ಬ್ರೆಜಿಲ್–ಜರ್ಮನಿ ವಿಶ್ವಕಪ್ ಫೈನಲ್.

ಇಡೀ ಊರು ಅಲ್ಲೇ ಇತ್ತು ಅನ್ನಬೇಕು. ಘೋ ಉಟ್ಟ ಗಂಡಸರು, ಕಿರಾ ಉಟ್ಟ ಹೆಂಗಸರು, ಕೆಂಪು ಬಟ್ಟೆಯ ಪುಟ್ಟ ಪುಟ್ಟ ಸನ್ಯಾಸಿ ಹುಡುಗರು, ಶಾಲೆ ಮಕ್ಕಳು. ಪಂದ್ಯ ನಡೆಸಲು ಇಂಗ್ಲೆಂಡಿನಿಂದ ಸ್ಟೀವ್ ಬೆನೆಟ್ ಅನ್ನುವ ರೆಫ್ರಿ ಬಂದಿದ್ದರು. ಭೂತಾನಿಗೆ ಕೋಚ್ ಹಾಲೆಂಡಿನ ಆರಿ ಸ್ಕಾನ್ಸ್. ಮಾಂಟ್ಸೆರಾಟ್ ಹುಡುಗರು ಕೆರಿಬಿಯನ್‌ನಿಂದ ಅರ್ಧ ಭೂಮಿ ಸುತ್ತಿ ಬಂದವರು. ಅವರ ದ್ವೀಪದಲ್ಲಿ 1995ರಿಂದ ಜ್ವಾಲಾಮುಖಿ ಸಿಡಿದು, ರಾಜಧಾನಿಯೇ ಬೂದಿಯಲ್ಲಿ ಮುಚ್ಚಿಹೋಗಿತ್ತು.

ವಾಂಗೆ ದೋರ್ಜಿ ಶುರುವಿನಲ್ಲೇ ತಲೆಯಿಂದ ಗೋಲು ಹೊಡೆದ. ಕೊನೆಗೆ ಅವನದು ಹ್ಯಾಟ್ರಿಕ್, ಇನ್ನೊಂದು ದಿನೇಶ್ ಛೇತ್ರಿಯದು. 4-0. ಗೆದ್ದ ಮೇಲೆ ಜನ ಎದುರಾಳಿ ತಂಡಕ್ಕೂ ಅಷ್ಟೇ ಜೋರಾಗಿ ಚಪ್ಪಾಳೆ ತಟ್ಟಿದರು. ಅಲ್ಲಿಂದ ಸೀದಾ ಹೋಟೆಲಿಗೆ ಓಡಿದೆವು, ಸಂಜೆ 5ಕ್ಕೆ ಫೈನಲ್ ಶುರುವಾಗುತ್ತಿತ್ತು. ರೊನಾಲ್ಡೊ ಎರಡು ಗೋಲು ಹೊಡೆದ ಅಂತ ನೆನಪಿದೆ. ಆದರೆ ಅವತ್ತಿನ ರಾತ್ರಿ ಊಟಕ್ಕೆ ಕೂತಾಗ ನಮ್ಮ ಅಡುಗೆಯವನಿಂದ ಹಿಡಿದು ಎಲ್ಲರ ಬಾಯಲ್ಲೂ ವಾಂಗೆ ದೋರ್ಜಿಯ ಹೆಸರೇ.

ಫಿಫಾ ಸದಸ್ಯ ದೇಶದ ಮೇಲೆ ಅವರಿಗೆ ಸಿಕ್ಕ ಮೊದಲ ಗೆಲುವು ಅದು ಅಂತ ಆಮೇಲೆ ಪೇಪರಿನಲ್ಲಿ ಓದಿದೆ.

ಮಂಗಳೂರು ಮಿಡ್‌ಫೀಲ್ಡರ್

ಲೈನ್ಸ್‌ಮನ್ ಸರ್, ನಿಮ್ಮ ಲೆಕ್ಕ ಚೆನ್ನಾಗಿದೆ. ಆದರೆ ಒಂದು ಮಾತು. ಥಿಂಫು ಇರುವುದು ಸುಮಾರು 2,300 ಮೀಟರ್ ಎತ್ತರದಲ್ಲಿ. ಕಡಲ ಮಟ್ಟದಿಂದ ಬಂದವರಿಗೆ ಅಲ್ಲಿ ಉಸಿರೇ ಸಾಲುವುದಿಲ್ಲ. ನಾವು ಕರಾವಳಿಯವರು ಬಾಬಾಬುಡನ್‌ಗಿರಿ ಹತ್ತಿದರೇ ಏದುಸಿರು ಬಿಡುತ್ತೇವೆ. ಮೇಲಾಗಿ ಅಲ್ಲಿ ಕೃತಕ ಟರ್ಫ್, ಚೆಂಡು ಬೇರೆ ಥರ ಪುಟಿಯುತ್ತದೆ. ಹಾಗಾದರೆ ಆ ತವರಿನ ಫಲಿತಾಂಶಗಳು ತಂಡದ ಆಟವಾ, ಬೆಟ್ಟದ ಆಟವಾ? 2023ರ ಅಕ್ಟೋಬರ್‌ನ ಹಾಂಗ್‌ಕಾಂಗ್ ಗೆಲುವನ್ನೇ ನೋಡಿ. ಎರಡು ಪಂದ್ಯಗಳ ಗೋಲು ಕೂಡಿಸಿ ಮುಂದಿನ ಸುತ್ತಿಗೆ ಯಾರು ಅಂತ ನಿರ್ಧರಿಸುವ ಲೆಕ್ಕ ಅದು, ಮೊದಲ ಪಂದ್ಯ ಹಾಂಗ್‌ಕಾಂಗ್ 4-0ರಿಂದ ಗೆದ್ದಿತ್ತು. ಎರಡನೆಯದರಲ್ಲಿ ಅವರು ಸುಮ್ನೆ ಬಂದು ಮುಗಿಸಿ ಹೋದರು ಅನ್ನಬಹುದಲ್ವಾ?

ಹಳೇ ಲೈನ್ಸ್‌ಮನ್

ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. 4 ಗೋಲು ಮುಂದಿದ್ದ ಹಾಂಗ್‌ಕಾಂಗ್ ಅವತ್ತು ಜೀವ ಪಣಕ್ಕಿಟ್ಟು ಆಡಲಿಲ್ಲ, ಒಪ್ಪುತ್ತೇನೆ. ಆದರೆ ಎತ್ತರವೇ ಎಲ್ಲವೂ ಆಗಿದ್ದರೆ 2015ರಲ್ಲಿ ಚೀನಾ ಅದೇ ಥಿಂಫುವಿನಲ್ಲಿ 6 ಹೊಡೆಯುತ್ತಿರಲಿಲ್ಲ. ಮಾಲ್ಡೀವ್ಸ್ ನೋಡಿ, ಇಡೀ ದೇಶದಲ್ಲಿ ಒಂದು ಗುಡ್ಡ ಇಲ್ಲ, ಅವರೂ ಅಲ್ಲಿ 4-3ರಿಂದ ಗೆದ್ದು ಹೋದರು.

ಎತ್ತರಕ್ಕಿಂತ ದೊಡ್ಡದು ಪ್ರಯಾಣ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2019ರ ಜೂನ್ 6ರಂದು ಭೂತಾನ್ ತನ್ನ ಊರಿನಲ್ಲಿ ಗುವಾಮ್ ಮೇಲೆ 1-0ರಿಂದ ಗೆದ್ದಿತು. ಜೂನ್ 11ಕ್ಕೆ ಗುವಾಮ್‌ನಲ್ಲಿ ಎರಡನೇ ಪಂದ್ಯ. ಗುವಾಮ್ ಇರುವುದು ಪೆಸಿಫಿಕ್ ಸಾಗರದ ಮಧ್ಯೆ. ಭೂತಾನಿನ ವಿಮಾನ ನಿಲ್ದಾಣ ಇರುವ ಪಾರೊದಿಂದ ಹೊರಟು, ವಿಮಾನದ ಮೇಲೆ ವಿಮಾನ ಬದಲಿಸಿ, ತಂಪು ಬೆಟ್ಟದಿಂದ ಸೆಕೆಯ ದ್ವೀಪಕ್ಕೆ ಇಳಿದು ಆಡಬೇಕು. 0-5. ವಿಶ್ವಕಪ್ ದಾರಿ ಅಲ್ಲಿಗೆ ಮುಗಿಯಿತು. ಎತ್ತರ ಅವರಿಗೆ ತವರಿನಲ್ಲಿ ಕೊಡುವುದನ್ನು ಹೊರಗೆ ಹೋದಾಗ ಸೆಕೆ ವಾಪಸು ಕಿತ್ತುಕೊಳ್ಳುತ್ತದೆ. ಹಾಗಿರುವಾಗ ಹೊರಗಿನ ಸೋಲನ್ನು ಪೂರ್ತಿ ಅವರ ತಲೆಗೆ ಕಟ್ಟಿ, ತವರಿನ ಗೆಲುವನ್ನು ಬೆಟ್ಟಕ್ಕೆ ಕೊಡುವುದು ಯಾವ ನ್ಯಾಯ?

ಬೆಟ್ಟ ಇಲ್ಲದ ಕಡೆಯ ಆಟವೂ ಇದೆ. 2008ರ ಸ್ಯಾಫ್. ಭೂತಾನ್ ಅಫ್ಘಾನಿಸ್ತಾನವನ್ನು 3-1ರಿಂದ ಸೋಲಿಸಿತು, ಬಾಂಗ್ಲಾದೇಶದ ಜೊತೆ 1-1 ಡ್ರಾ ಮಾಡಿಕೊಂಡು ಸೆಮಿಫೈನಲ್ ತಲುಪಿತು. ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಲ್ಲಿ ಎದುರಿಗೆ ನಮ್ಮ ಭಾರತ. 90 ನಿಮಿಷಕ್ಕೆ 1-1. ಭಾರತ ಗೆದ್ದದ್ದು ಹೆಚ್ಚುವರಿ ಸಮಯದಲ್ಲಿ, 2-1. ಆಡಿದ್ದು ಕಡಲ ಮಟ್ಟದಲ್ಲಿ! 2016ರ ಸೆಪ್ಟೆಂಬರ್‌ನಲ್ಲಿ ಢಾಕಾದ ಸೆಕೆಯಲ್ಲಿ ಬಾಂಗ್ಲಾದೇಶವನ್ನು 0-0ಗೆ ತಡೆದು ನಿಲ್ಲಿಸಿದರು. ಅಕ್ಟೋಬರ್‌ನಲ್ಲಿ ಥಿಂಫುವಿನ 3-1 ಬಂದದ್ದು ಆ ಡ್ರಾದ ಬಲದ ಮೇಲೆ. ಈ ಎರಡು ಪಂದ್ಯಗಳಿಂದ ಏಷ್ಯನ್ ಕಪ್ ಅರ್ಹತೆಯ ಮುಂದಿನ ಸುತ್ತಿಗೆ ಹೋದರು. ಅಲ್ಲಿ ಒಮಾನ್ ಕೈಯಲ್ಲಿ 0-14 ಆಯಿತು, ಅದೂ ಹೊರಗೆ. ಅದನ್ನು ಮುಚ್ಚಿಡುವುದು ಬೇಡ.

ಗೌತಮಪುರದ ಹುಡುಗಿ

ಸರ್, ಎರಡು ಕಾಲಂ ಹಾಕಿದೆ. ನೀವು ಹೇಳಿದ್ದು ಸರಿ, ಪಟ್ಟಿಯ ಮುಖವೇ ಬದಲಾಯಿತು. ಹಸಿರು ಪೆನ್ನಿನಲ್ಲಿ ಬರೆದ ಗೆಲುವುಗಳು ಹೆಚ್ಚು ಕಡಿಮೆ ಎಲ್ಲವೂ ಥಿಂಫು ಅಂತ ಬರೆದ ಸಾಲಿನಲ್ಲೇ ಇವೆ: ಮಾಂಟ್ಸೆರಾಟ್, 2003ರಲ್ಲಿ ಗುವಾಮ್ ಮೇಲೆ 6-0, ಶ್ರೀಲಂಕಾ, ಬಾಂಗ್ಲಾದೇಶ, ಹಾಂಗ್‌ಕಾಂಗ್. 2024ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಾಂಗ್ಲಾದೇಶ ಬಂದಾಗ ಒಂದು ಪಂದ್ಯ 0-1 ಸೋತು, ಮೂರು ದಿನದ ನಂತರ 1-0 ಗೆದ್ದದ್ದೂ ಅಲ್ಲೇ. ಕೊಲಂಬೊ ಮತ್ತು ಆ ಅಫ್ಘಾನಿಸ್ತಾನ್ ಪಂದ್ಯ ಮಾತ್ರ ಬೇರೆ ಸಾಲಿನಲ್ಲಿವೆ.

ಹಾಗಾದರೆ ಈ ತಂಡಕ್ಕೆ ಬೇಕಾಗಿರುವುದು ಏನು? ಜಾಸ್ತಿ ಪಂದ್ಯಗಳಾ?

ಹಳೇ ಲೈನ್ಸ್‌ಮನ್

ಹೌದು ತಂಗಿ, ಹೊರಗಿನ ಪಂದ್ಯಗಳು. ಅದೂ ತಮ್ಮ ಮಟ್ಟದವರ ಜೊತೆ. ನೇಪಾಳ, ಶ್ರೀಲಂಕಾ, ಮಾಲ್ಡೀವ್ಸ್, ಬ್ರೂನೈ ಥರದ ತಂಡಗಳ ಊರಿಗೆ ವರ್ಷಕ್ಕೆ ನಾಲ್ಕಾರು ಸಲ ಹೋಗಿ ಬರಬೇಕು. ಕತಾರ್ ಕೈಯಲ್ಲಿ 15 ತಿಂದರೆ ಡಿಫೆಂಡರ್ ಏನೂ ಕಲಿಯುವುದಿಲ್ಲ, ಬರೀ ಎದೆ ಒಡೆಯುತ್ತದೆ. ಮಾಲೆಯಲ್ಲಿ 1-2ರಿಂದ ಸೋತರೆ ಕಲಿಯುತ್ತಾನೆ. ದುಡ್ಡಿನ ಕಷ್ಟ ಇದೆ, ಗೊತ್ತು. ಏಳೆಂಟು ಲಕ್ಷ ಜನರ ದೇಶ, ಅವರ ರಾಷ್ಟ್ರೀಯ ಆಟ ಬಿಲ್ಲುಗಾರಿಕೆ. ಆದರೆ ಪಕ್ಕದಲ್ಲೇ ಇರುವ ನಾವು ಎಷ್ಟು ಸಲ ಅವರನ್ನು ಕರೆಸಿ ಆಡಿಸಿದ್ದೇವೆ? ಸ್ಯಾಫ್ ಬಂದಾಗ ಬಿಟ್ಟರೆ ನೆನಪೇ ಆಗುವುದಿಲ್ಲ.

ನಿಮ್ಮ ಪಟ್ಟಿಯನ್ನು ಸ್ಕ್ಯಾನ್ ಮಾಡಿ ಇಲ್ಲಿ ಹಾಕಿ. 1982ರ ಏಪ್ರಿಲ್‌ನಲ್ಲಿ ನೇಪಾಳದ ವಿರುದ್ಧ 1-3ರಿಂದ ಸೋತ ಮೊದಲ ಪಂದ್ಯದಿಂದ ಶುರು ಮಾಡಿ. ಎಲ್ಲಾದರೂ ಊರಿನ ಕಾಲಂ ಖಾಲಿ ಉಳಿದಿದ್ದರೆ ಹೇಳಿ, ನನ್ನ ಪುಸ್ತಕ ನೋಡಿ ತುಂಬಿಸುತ್ತೇನೆ.