ಕಾಕಾ ಕೊಟ್ಟ ಸ್ಪೀಕರ್‌ಗೆ ಯಾವ ಆಂಪ್ಲಿಫೈಯರ್ ಹೊಂದುತ್ತದೆ?

ಬೆಳಗಾವಿ, ಟಿಳಕವಾಡಿಯಿಂದ:
ನಮಸ್ಕಾರ ರೀ. ಕಾಕಾ ವರ್ಗವಾಗಿ ಹೋಗುವಾಗ ತಮ್ಮ ಜೋಡಿ ಸ್ಪೀಕರ್ ನನಗೆ ಕೊಟ್ಟರು. ಆಂಪ್ಲಿಫೈಯರ್ ಇಲ್ಲ. ಕೋಣೆ 12 ಅಡಿಗೆ 14 ಅಡಿ. ಕೇಳೋದು ಜಾಸ್ತಿ ಹಿಂದೂಸ್ತಾನಿ. ನಮ್ಮ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಹಾಡು ದಿನಾ ಬೇಕು. ಅಂಗಡಿಯಲ್ಲಿ 5000 ವ್ಯಾಟ್ ಅಂತ ಬರೆದ ಡಬ್ಬಿ ತೋರಿಸಿದರು. ಎಷ್ಟು ವ್ಯಾಟಿನದು ತಗೋಬೇಕು?

ವಿಜಯಪುರದಿಂದ:
ವ್ಯಾಟ್ ಆಮೇಲೆ ನೋಡೋಣ. ಮೊದಲು ಸ್ಪೀಕರ್ ತಿರುಗಿಸಿ ಹಿಂದಿನ ಚೀಟಿ ಓದಿ. ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ) ಎಷ್ಟು, ಡಿಬಿ (ಡೆಸಿಬೆಲ್) ಎಷ್ಟು ಅಂತ ಬೇಕು. ಡಿಬಿ ಬರೆದಿಲ್ಲದಿದ್ದರೆ ಮಾಡೆಲ್ ನಂಬರ್ ಹಾಕಿ ಹುಡುಕಿ.

ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರಕ್ಕೆ ಎಷ್ಟು ಜೋರು ಕೇಳುತ್ತದೆ ಅನ್ನೋದೇ ಆ ಡಿಬಿ. 3 ಡಿಬಿ ಕಡಿಮೆ ಇದ್ದರೆ ಅಷ್ಟೇ ಜೋರಿಗೆ ಎರಡು ಪಟ್ಟು ವ್ಯಾಟ್ ಬೇಕು. 89 ಡಿಬಿ ಸ್ಪೀಕರ್‌ಗೆ 20 ವ್ಯಾಟ್ ಸಾಕಾದರೆ 86ರದ್ದಕ್ಕೆ 40 ಬೇಕು. ರಾತ್ರಿ ಕೂತು ಕೇಳುವಾಗ ಓಡೋದು ಒಂದೆರಡು ವ್ಯಾಟ್ ಅಷ್ಟೇ. ಉಳಿದದ್ದು ತಬಲಾದ ಪೆಟ್ಟು ತಟ್ಟನೆ ಬಿದ್ದಾಗ ಬೇಕು.

ಹಾಗಂತ ತೀರಾ ಚಿಕ್ಕದು ಬೇಡ. ನಾನು ಅದಕ್ಕೆ ದಂಡ ತೆತ್ತಿದ್ದೇನೆ. ಮನೆಯಲ್ಲಿ ತೊಟ್ಟಿಲ ಕಾರ್ಯ ಇತ್ತು. ಇದ್ದದ್ದು 20 ವ್ಯಾಟಿನ ಆಂಪ್ಲಿಫೈಯರ್. ಅಂಗಳದ ತನಕ ಕೇಳಲಿ ಅಂತ ಗುಂಡಿ ಪೂರ್ತಿ ತಿರುಗಿಸಿದೆವು. ದನಿ ಒಡೆಯಿತು, ಗದ್ದಲದಲ್ಲಿ ಯಾರೂ ಕಡಿಮೆ ಮಾಡಲಿಲ್ಲ. ಮರುದಿನ ಭಜನೆ ಹಾಕಿದರೆ ತಾಳದ ಕಿಣಿಕಿಣಿಯೇ ಇಲ್ಲ. ಕಂಬಳಿ ಹೊದಿಸಿದ ಹಾಗೆ ದನಿ. ಸ್ಪೀಕರ್ ಒಳಗೆ ಕೀರಲು ಸದ್ದು ಹೊರಡಿಸುವ ಪುಟ್ಟ ಟ್ವೀಟರ್ ಎರಡೂ ಸುಟ್ಟಿದ್ದವು. 100 ವ್ಯಾಟಿನ ಸ್ಪೀಕರ್ 20 ವ್ಯಾಟಿಗೆ ಸುಡೋದು ಹೇಗೆ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಶಕ್ತಿ ಮೀರಿ ದುಡಿಸಿದಾಗ ಆಂಪ್ಲಿಫೈಯರ್ ಅಲೆಯ ತುದಿ ಕತ್ತರಿಸುತ್ತದೆ. ಕ್ಲಿಪ್ಪಿಂಗ್ ಅಂತಾರಲ್ವಾ, ಅದೇ. ಆಗ ಇಲ್ಲದ ಕೀರಲು ಸದ್ದು ಹುಟ್ಟಿ ಟ್ವೀಟರ್ ಮೇಲೆ ಬೀಳುತ್ತದೆ. ಅದು ತಡೆಯೋದೇ ಕೆಲವು ವ್ಯಾಟ್.

ಬಾಗಲಕೋಟೆಯಿಂದ:
ಓಮ್ ವಿಷಯ ನಾನು ಹೇಳ್ತೀನಿ. ಆಂಪ್ಲಿಫೈಯರ್ ಹಿಂದೆ ತಂತಿ ಸಿಕ್ಕಿಸುವ ಕಡೆ '6ರಿಂದ 16 ಓಮ್' ಅಂತ ಬರೆದಿದ್ದರೆ 4 ಓಮಿನ ಸ್ಪೀಕರ್ ಹಚ್ಚಬೇಡಿ. ಓಮ್ ಇಳಿದಷ್ಟೂ ಕರೆಂಟು ಜಾಸ್ತಿ ಎಳೆಯುತ್ತದೆ. ನಾನು 8 ಓಮಿನ ಎರಡು ಜೋಡಿಯನ್ನು ಸಮಾನಾಂತರವಾಗಿ ಒಂದಕ್ಕೇ ಹಚ್ಚಿದ್ದೆ. ಅದಕ್ಕೆ 4 ಓಮ್ ಆಯಿತು. ಏಪ್ರಿಲ್ ಬಿಸಿಲಲ್ಲಿ ಮುಚ್ಚಳ ಮುಟ್ಟಿದರೆ ಕೈ ಸುಡುತ್ತಿತ್ತು, ಅರ್ಧ ತಾಸಿಗೊಮ್ಮೆ ತಾನೇ ಬಂದ್ ಆಗುತ್ತಿತ್ತು.

5000 ವ್ಯಾಟ್ ನಂಬಬೇಡಿ. ಅದು ಪಿಎಂಪಿಒ, ಅಂದರೆ ಒಂದು ಕ್ಷಣದ ಗರಿಷ್ಠದ ಲೆಕ್ಕ, ಸುಮ್ನೆ ಡಬ್ಬಿ ಮಾರೋಕೆ. ಆರ್‌ಎಂಎಸ್, ಅಂದರೆ ಸತತವಾಗಿ ಕೊಡುವ ವ್ಯಾಟ್ ಎಷ್ಟು, ಎಷ್ಟು ಓಮಿಗೆ ಅಂತ ಕೇಳಿ. ಹಿಂದಿನ ಪಟ್ಟಿಯಲ್ಲಿ ಎಷ್ಟು ಕರೆಂಟು ತಿನ್ನುತ್ತದೆ ಅಂತಲೂ ಇರುತ್ತದೆ. 60 ವ್ಯಾಟ್ ತಿನ್ನುವ ಪೆಟ್ಟಿಗೆ ಸತತವಾಗಿ 100 ವ್ಯಾಟ್ ಎಲ್ಲಿಂದ ಕೊಟ್ಟೀತು?

ನಿಮ್ಮದು ಕಲ್ಲು ಹಾಸಿದ ಕೋಣೆ ಆಗಿದ್ದರೆ ಒಂದು ಜಮಖಾನ ಹಾಸಿ. ನಮ್ಮಲ್ಲಿ ಅದರಿಂದಲೇ ಮಾತು ಸ್ಪಷ್ಟವಾಯಿತು.

ಟಿಳಕವಾಡಿಯಿಂದ ಮತ್ತೆ:
ಚೀಟಿ ಓದಿದೆ ರೀ. 6 ಓಮ್, 86 ಡಿಬಿ. ಅಂಗಡಿಗೆ ಹೋಗಿ ಆ ಡಬ್ಬಿಯ ಪಟ್ಟಿಯನ್ನೂ ನೋಡಿದೆ, 55 ವ್ಯಾಟ್! ಬೇರೆ ಕಡೆ 6 ಓಮಿಗೆ 50 ವ್ಯಾಟ್ ಆರ್‌ಎಂಎಸ್ ಇರುವುದು ಸಿಕ್ಕಿದೆ. ಭಾನುವಾರ ಸ್ಪೀಕರ್ ಹೊತ್ತುಕೊಂಡೇ ಹೋಗ್ತೀನಿ. ಅಲ್ಲೇ ಹಚ್ಚಿ ಕೇಳಬಹುದು ಅಂದಿದ್ದಾರೆ.