ಸೋಡಿಯಂ ಎಲೆಕ್ಟ್ರಾನ್ ಕಳೆದುಕೊಂಡರೆ ಮೈನಸ್ ಆಗಬೇಕಲ್ವಾ?

ಸಿಂಧನೂರು ಭತ್ತ:
ಮಗಳು ಹತ್ತನೇ ಕ್ಲಾಸು. ನಿನ್ನೆ ರಾತ್ರಿ ಪುಸ್ತಕ ಹಿಡಿದು ಬಂದಳು, ನನಗೆ ಉತ್ತರ ಹೇಳೋಕೆ ಆಗಲಿಲ್ಲ. ಸೋಡಿಯಂ ಒಂದು ಎಲೆಕ್ಟ್ರಾನ್ ಕಳೆದುಕೊಂಡು ಪ್ಲಸ್ ಅಯಾನ್, ಅಂದರೆ ಪ್ಲಸ್ ಚಾರ್ಜ್ ಇರುವ ಕಣ, ಆಗುತ್ತದಂತೆ. ಕಳೆದುಕೊಂಡರೆ ಮೈನಸ್ ಅಲ್ವಾ?

ನನ್ನದೂ ಒಂದು ಪ್ರಶ್ನೆ ಇದೆ. ನಮ್ಮ ಗದ್ದೆ ತಗ್ಗಿನಲ್ಲಿದೆ, ಮೇಲಿನವರ ಬಸಿ ನೀರೆಲ್ಲ ನಮಗೇ ಬಂದು ಒಂದು ಎಕರೆ ಸವಳಾಗಿದೆ, ಬೇಸಿಗೆಯಲ್ಲಿ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತದೆ. ಮಣ್ಣು ಪರೀಕ್ಷೆ ಚೀಟಿಯಲ್ಲಿ ಸೋಡಿಯಂ ಜಾಸ್ತಿ ಅಂತ ಬಂದಿದೆ. ಪುಸ್ತಕದಲ್ಲಿ ನೋಡಿದರೆ ಸೋಡಿಯಂ ನೀರಿಗೆ ಬಿದ್ದರೆ ಹೊತ್ತಿಕೊಳ್ಳುತ್ತದಂತೆ. ಇಷ್ಟು ವರ್ಷ ನೀರು ಕಟ್ಟಿದ್ದೇನೆ, ಒಂದು ಕಿಡಿಯೂ ಹಾರಿಲ್ಲ!

ರಾಯಚೂರು ಮೇಷ್ಟ್ರು:
ಕಿರಾಣಿ ಅಂಗಡಿ ಉದ್ರಿ ಲೆಕ್ಕ ಹಾಕಿ ಸರ್. ಪ್ರೋಟಾನ್ ಪ್ಲಸ್, ಅಂದರೆ ಕೈಯಲ್ಲಿರುವ ರೂಪಾಯಿ; ಎಲೆಕ್ಟ್ರಾನ್ ಮೈನಸ್, ಅಂದರೆ ಉದ್ರಿ. ಸೋಡಿಯಂ ಹತ್ತಿರ 11 ರೂಪಾಯಿ ಇದೆ, 11 ರೂಪಾಯಿ ಉದ್ರಿಯೂ ಇದೆ, ಲೆಕ್ಕ ಸೊನ್ನೆ. ಒಂದು ರೂಪಾಯಿ ಉದ್ರಿ ಹೋಯಿತು ಅಂದರೆ? ಪ್ಲಸ್ ಒಂದು. ಆ ಉದ್ರಿಯನ್ನು ಕ್ಲೋರಿನ್ ಹೊತ್ತುಕೊಂಡರೆ ಅದರದ್ದು 17 ರೂಪಾಯಿಗೆ 18 ಉದ್ರಿ ಆಗಿ ಮೈನಸ್ ಒಂದು.

ಕಿಡಿ ಹಾರುವುದು ಲೋಹದ ಸೋಡಿಯಂ ತನ್ನ ಎಲೆಕ್ಟ್ರಾನನ್ನು ನೀರಿಗೆ ಕೊಡುವಾಗ. ಹೈಡ್ರೋಜನ್ ಹೊರಡುತ್ತದೆ, ಆ ಬಿಸಿಗೆ ಹೊತ್ತಿಕೊಳ್ಳುತ್ತದೆ. ನಿಮ್ಮ ಗದ್ದೆಯ ಸೋಡಿಯಂ ಅದನ್ನು ಯಾವತ್ತೋ ಕೊಟ್ಟು ಸುಮ್ನೆ ಕೂತಿದೆ.

ಗಂಗಾವತಿ ಹುಡುಗ:
ಹೌದು, ಸೋಡಿಯಂಗೆ ಆ ಎಲೆಕ್ಟ್ರಾನ್ ಬೇಡವೇ ಬೇಡ, ತಾನಾಗೇ ಬಿಸಾಕುತ್ತದೆ.

ರಾಯಚೂರು ಮೇಷ್ಟ್ರು:
ಇಲ್ಲಪ್ಪ, ಎಲ್ಲರೂ ಹೀಗೇ ಕಲಿಸಿಬಿಡುತ್ತಾರೆ. ಒಂಟಿ ಸೋಡಿಯಂ ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳೋಕೆ 5.14 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದಲ್ಲಿ ಶಕ್ತಿ ಅಳೆಯುವ ಮಾನ) ಶಕ್ತಿ ಹಾಕಬೇಕು. ಕ್ಲೋರಿನ್ ಅದನ್ನು ತೆಗೆದುಕೊಂಡಾಗ ವಾಪಸ್ ಬರುವುದು ಸುಮಾರು 3.6 ಮಾತ್ರ. ಅಲ್ಲಿಗೆ ನಷ್ಟವೇ. ಆಮೇಲೆ ಪ್ಲಸ್ಸು ಮೈನಸ್ಸು ಒಂದಕ್ಕೊಂದು ಎಳೆದುಕೊಂಡು ಉಪ್ಪಿನ ಹರಳಾಗಿ ಕೂರುತ್ತವಲ್ಲ, ಆಗ ಹೊರಬರುವ ಶಕ್ತಿಯಲ್ಲಿ ನಷ್ಟ ತುಂಬಿ ಮೇಲೆ ಲಾಭವೂ ಆಗುತ್ತದೆ.

ಸಿಂಧನೂರು ಭತ್ತ:
ಉದ್ರಿ ಲೆಕ್ಕ ಮಗಳಿಗಿಂತ ಮೊದಲು ನನಗೇ ಹತ್ತಿತು. ಅವಳು ಕೇಳುತ್ತಿದ್ದಾಳೆ, ಪ್ರೋಟಾನ್ ಯಾಕೆ ಹೋಗಲ್ಲ ಅಂತ.

ರಾಯಚೂರು ಮೇಷ್ಟ್ರು:
ಜಾಣೆ. ಪ್ರೋಟಾನ್ ನಡುವಿನ ಬೀಜದಲ್ಲಿ ಬಿಗಿಯಾಗಿ ಕಟ್ಟಿಹಾಕಿದ ಹಾಗಿದೆ, ಉಪ್ಪು ಕರಗಿಸುವ ಕೆಲಸಕ್ಕೆಲ್ಲ ಅದು ಅಲುಗಾಡಲ್ಲ. ಒಂದು ಹೋದರೆ ಉಳಿಯುವುದು 10, ಅಂದರೆ ಅದು ಸೋಡಿಯಂ ಅಲ್ಲ, ನಿಯಾನ್.

ಕೊಪ್ಪಳದವ:
ಅಣ್ಣಾ, ಚೀಟಿಯಲ್ಲಿ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) ಎಷ್ಟಿದೆ ನೋಡಿ. 8.5 ದಾಟಿದ್ದರೆ ಜಿಪ್ಸಂ ವಿಚಾರ ಕೇಳಿ. ಜೇಡಿ ಕಣದ ಮೇಲ್ಮೈ ಮೈನಸ್, ಅದಕ್ಕೇ ಸೋಡಿಯಂ ಅಂಟಿಕೊಂಡಿರುತ್ತದೆ. ಜಿಪ್ಸಂನ ಕ್ಯಾಲ್ಸಿಯಂ ಪ್ಲಸ್ ಎರಡು, ಒಂದು ಬಂದು ಎರಡು ಸೋಡಿಯಂ ಎಬ್ಬಿಸುತ್ತದೆ. ಆದರೆ ಬಸಿಗಾಲುವೆ ಮೊದಲು ತೆಗೆಸಿ, ಇಲ್ಲಾಂದ್ರೆ ಎದ್ದ ಸೋಡಿಯಂ ಅಲ್ಲೇ ನಿಲ್ಲುತ್ತದೆ.

ಸಿಂಧನೂರು ಭತ್ತ:
8.9 ಇದೆ.