ಅಪ್‌ಡೇಟ್: ಓಪನ್ ಬ್ಯಾಕ್ ಹೆಡ್‌ಫೋನ್ ತಗೊಂಡೆರೀ

ಮನ್ಯಾಗ ಹಾಡ ಕೇಳಾಕ ಓಪನ್ ಬ್ಯಾಕ್ (ಹಿಂದ ತೆರೆದಿರೋ) ಹೆಡ್‌ಫೋನ್ ಛಲೋನೋ ಕ್ಲೋಸ್ಡ್ ಬ್ಯಾಕ್ (ಹಿಂದ ಮುಚ್ಚಿರೋ) ಛಲೋನೋ ಅಂತ ಕೇಳಿದ್ನಲ್ರೀ, ಕಡೀಕ ಸೆನ್‌ಹೈಸರ್ ಎಚ್‌ಡಿ 560ಎಸ್ ತಗೊಂಡೆ, ಓಪನ್. ಮೊದ್ಲ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರನ್ನ ಹಚ್ಚಿದೆ, ನಮ್ಮ ಬೆಳಗಾವಿ ಸುಳೇಭಾವಿಯವರು, ಏನ್ ಹೇಳ್ಲಿ, ಎರಡು ತಂಬೂರಿ ಬ್ಯಾರೆ ಬ್ಯಾರೆ ಕೇಳತಾವು, ಧ್ವನಿ ತಲಿ ಒಳಗ ಅಲ್ಲ, ಎದುರಿಗೆ ಕುಂತು ಹಾಡಿದಂಗ. ಕಪ್ಪಿನ ಹಿಂದ ಜಾಳಗಿ ಐತಲ್ಲ, ಗಾಳಿ ಆಡತೈತಿ, ವಿಜಯಪುರದ ಬ್ಯಾಸಗ್ಯಾಗೂ ಕಿವಿ ಅಷ್ಟ ಬೆವರಂಗಿಲ್ಲ. ಇದರ ಇಂಪಿಡೆನ್ಸ್ (ಕರೆಂಟಿಗೆ ಒಡ್ಡೋ ತಡಿ) 120 ಓಮ್ ಅಂತ, ನನ್ನ ಫೋನಿಗೆ ಸೌಂಡ್ ಸಣ್ಣ ಆತು, ಡ್ಯಾಕ್ (ಫೋನಿನ ಡಿಜಿಟಲ್ ಸೌಂಡನ್ನ ಹೆಡ್‌ಫೋನಿಗೆ ಬದಲಿಸಿ ಕೊಡೋ ಸಣ್ಣ ಸಾಧನ) ಹಚ್ಚಿದ ಮ್ಯಾಲ ಸರಿಹೋತು. ಆದ್ರ ಹಿಂದ ತೆರೆದಿರೋದ್ರಿಂದ ಕುಕ್ಕರ್ ಸೀಟಿ ಪೂರಾ ಕೇಳತೈತಿ, ಹಾಡೂ ಹೊರಗ ಕೇಳತೈತಿ, ರಾತ್ರಿ ಬಾಜೂಕ ಮಲಗಿದ್ದ ಅವ್ವ "ಸಣ್ಣ ಮಾಡೋ ಯಪ್ಪಾ" ಅಂದ್ಲು, ಅದಕ್ಕ ಹಳೇ ಕ್ಲೋಸ್ಡ್ ಬ್ಯಾಕ್ ಮಾರಂಗಿಲ್ಲ, ರಾತ್ರಿಗೆ ಅದ.